ಕಡಲಿಲ್ಲದ ಊರಿನ ಕಡಲ ಹಾಡು

ಅಕ್ಟೋಬರ್ ತಿಂಗಳು ಬಂತೆಂದರೆ ನಮ್ಮ ಸಂಘದಲ್ಲಿ ರಾಜ್ಯೋತ್ಸವದ ಪಟ್ಟಿಯ ಜಗಳ ಶುರು. ಯಾರ ಮಗಳ ಭರತನಾಟ್ಯ ಮೊದಲು, ಯಾರ ಭಾಷಣಕ್ಕೆ ಕತ್ತರಿ, ಮಹಿಳಾ ವಿಭಾಗದ ಕೋಲಾಟಕ್ಕೆ ಎಷ್ಟು ನಿಮಿಷ ಎಂಬ ಈ ಚರ್ಚೆಯನ್ನು ಮುಂಬಯಿಯ ಯಾವುದೇ ಉಪನಗರದ ಕನ್ನಡ ಸಂಘದಲ್ಲಿ ಕುರ್ಚಿ ಜೋಡಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಸಲ ಪಟ್ಟಿ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಮಾಡಿದ ಮೊದಲ ಕೆಲಸವೆಂದರೆ, ಕಳೆದ ವರ್ಷದ ಪಟ್ಟಿ ಮುಂದಿಟ್ಟುಕೊಂಡು ಒಂದು ಹೆಸರನ್ನು ಹೊಡೆದು ಹಾಕಿದ್ದು.

ಅದು ನಾವೆಲ್ಲ ‘ಮಾಮ’ ಎಂದು ಕರೆಯುವವರ ಹೆಸರು. ಕುಂದಾಪುರದ ಕಡೆಯವರು. ಹದಿನೈದನೇ ವಯಸ್ಸಿಗೆ ಫೋರ್ಟಿನ ಕ್ಯಾಂಟೀನೊಂದರಲ್ಲಿ ಲೋಟ ತೊಳೆಯಲು ಬಂದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಒಂದು ಕಂಪನಿಯ ಸ್ಟೋರ್ ಕೀಪರ್ ಆಗಿ ನಿವೃತ್ತರಾದವರು. 1980ರ ದಶಕದಲ್ಲಿ ಸಂಘದ ಆರ್ಕೆಸ್ಟ್ರಾದಲ್ಲಿ ಒಂದು ಹಾಡು ಹಾಡಿದರು. ಅಂದು ಸಭಾಂಗಣ ಎದ್ದು ನಿಂತಿತಂತೆ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ನವೆಂಬರಿನಲ್ಲೂ ಅವರು ಅದೇ ಹಾಡು ಹಾಡುತ್ತ ಬಂದಿದ್ದಾರೆ. ಒಮ್ಮೆ ಮೈಕಿನ ಮುಂದೆ, “ನಂಗೆ ಬೇರೆ ಹಾಡೂ ಬತ್ತ್ ಮಾರಾಯ್ರೆ” ಎಂದಿದ್ದರು. ಜನ ನಕ್ಕರು. ಆಮೇಲೆ ಅದೇ ಹಾಡಿಗೆ ಚಪ್ಪಾಳೆ ತಟ್ಟಿದರು. ಹೊಸ ಹುಡುಗರಿಗೆ ಅವಕಾಶ ಬೇಕು, ಎಷ್ಟು ವರ್ಷ ಅದೇ ಹಾಡು ಎಂದುಕೊಂಡು ನಾನು ಗೆರೆ ಎಳೆದೆ. ಅದರಲ್ಲಿ ದೊಡ್ಡ ತಪ್ಪೇನೂ ಕಾಣಲಿಲ್ಲ.

ಅದೇ ವಾರ ಮನೆಯಲ್ಲಿ ಮಗನ ಮೊಬೈಲಿನಿಂದ ಒಂದು ವಿಚಿತ್ರ ಹಾಡು ಕೇಳಿಸತೊಡಗಿತು. ಹಾಡೆನ್ನುವುದಕ್ಕಿಂತ, ಗಂಟಲಲ್ಲಿ ಜೋಳದ ಕಾಳು ಸಿಕ್ಕಿಕೊಂಡ ಹುಂಜ ಡೋಲಿನ ತಾಳಕ್ಕೆ ಕೂಗಿದ ಹಾಗಿತ್ತು. ಒಂದೇ ಪದ, ಮತ್ತೆ ಮತ್ತೆ. ನಡುವೆ ಎಲ್ಲ ವಾದ್ಯ ನಿಂತು ಗುಳುಗುಳು ಸದ್ದು, ಮತ್ತೆ ಅದೇ ಓಟ. “ಇದೇನೋ ಇದು?” ಎಂದೆ. ‘ಫ್ಯಾಮಿಲಿ ಗೈ’ ಎಂಬ ಅಮೆರಿಕನ್ ಕಾರ್ಟೂನಿನ 2008ರ ಕಂತೊಂದನ್ನು ತೋರಿಸಿದ. ಅದರಲ್ಲಿ ಮನೆಯ ಯಜಮಾನನಿಗೆ ಈ ಹಾಡಿನ ಹಳೆಯ ರೆಕಾರ್ಡೊಂದು ಸಿಗುತ್ತದೆ. ಹಗಲೂ ರಾತ್ರಿ ಅದನ್ನೇ ಹಾಕಿ ಹಾಕಿ ಮನೆಮಂದಿಯ ತಲೆ ಚಿಟ್ಟು ಹಿಡಿಸುತ್ತಾನೆ. ಕೊನೆಗೆ ಮನೆಯ ನಾಯಿ ಮತ್ತು ಕೂಸು ಸೇರಿ ಆ ರೆಕಾರ್ಡನ್ನೇ ಪುಡಿಪುಡಿ ಮಾಡುತ್ತವೆ.

ನಕ್ಕೆ. ಆಮೇಲೆ ಪಟ್ಟಿಯ ಮೇಲೆ ನಾನು ಎಳೆದ ಗೆರೆ ನೆನಪಾಯಿತು. ಈ ಹಾಡು ಹಾಡಿದವರು ಯಾರು, ಅವರ ಗತಿ ಏನಾಯಿತು ಎಂದು ಹುಡುಕುತ್ತ ಕೂತವನು ಒಂದು ವಾರ ಅದರಲ್ಲೇ ಕಳೆದೆ. ಈ ತಿಂಗಳ ಅಂಕಣ ಅದರದ್ದೇ.

ಹಾಡಿನ ಹೆಸರು ‘ಸರ್ಫಿನ್ ಬರ್ಡ್’. ತಂಡದ ಹೆಸರು ‘ದಿ ಟ್ರ್ಯಾಶ್‌ಮೆನ್’, ಅಂದರೆ ಕಸ ಎತ್ತುವವರು. ನಾಲ್ಕು ಜನ: ಗಿಟಾರಿನಲ್ಲಿ ಟೋನಿ ಆಂಡ್ರಿಯಾಸನ್ ಮತ್ತು ಡಾಲ್ ವಿನ್ಸ್ಲೋ, ಬೇಸ್ ಗಿಟಾರಿನಲ್ಲಿ ಬಾಬ್ ರೀಡ್, ಡ್ರಮ್ಸ್ ಬಾರಿಸುತ್ತ ಹಾಡುವ ಸ್ಟೀವ್ ವಾರರ್. ಊರು ಅಮೆರಿಕದ ಮಿನಿಯಾಪೊಲಿಸ್.

ಈ ಊರಿನ ಹೆಸರಿನಲ್ಲೇ ಕಥೆಯ ತಮಾಷೆ ಇದೆ. ಇವರು ನುಡಿಸುತ್ತಿದ್ದದ್ದು ‘ಸರ್ಫ್’ ಸಂಗೀತ. ಹಲಗೆಯ ಮೇಲೆ ನಿಂತು ಕಡಲ ತೆರೆಯನ್ನು ಸವಾರಿ ಮಾಡುವ ಆಟಕ್ಕೆ ಸರ್ಫಿಂಗ್ ಎನ್ನುತ್ತಾರೆ. ಮುಲ್ಕಿ ಕಡೆಯ ಓದುಗರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಅಲ್ಲಿ ‘ಮಂತ್ರ ಸರ್ಫ್ ಕ್ಲಬ್’ ಇದೆ, ಪಕ್ಕದ ಸಸಿಹಿತ್ಲು ಕಡಲಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೇ ನಡೆದಿವೆ. ಆದರೆ ಮಿನಿಯಾಪೊಲಿಸ್ ಇರುವುದು ಭೂಖಂಡದ ನಟ್ಟನಡುವೆ. ಸರ್ಫ್ ಸಂಗೀತದ ತವರಾದ ಕ್ಯಾಲಿಫೋರ್ನಿಯಾದ ಕಡಲಿಗೆ ಅಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಮಿನಿಸೋಟ ರಾಜ್ಯಕ್ಕೆ ‘ಹತ್ತು ಸಾವಿರ ಕೆರೆಗಳ ನಾಡು’ ಎಂಬ ಹೆಸರೇನೋ ಇದೆ. ಆದರೆ ಚಳಿಗಾಲದಲ್ಲಿ ಆ ಕೆರೆಗಳೆಲ್ಲ ಹೆಪ್ಪುಗಟ್ಟಿ, ಜನ ಮಂಜಿಗೆ ತೂತು ಕೊರೆದು ಮೀನು ಹಿಡಿಯುತ್ತಾರೆ. ಅಂಥ ಊರಿನ ಹುಡುಗರು ಬಿಸಿಲು, ಮರಳು, ತೆರೆಗಳ ಸಂಗೀತ ನುಡಿಸಿದರು.

ಸರ್ಫ್ ಸಂಗೀತ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1960ರ ದಶಕದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಬಲ್ಬೋವಾ ಎಂಬ ಕಡಲತೀರದ ನೃತ್ಯಮಂದಿರದಲ್ಲಿ ಡಿಕ್ ಡೇಲ್ ಎಂಬ ಗಿಟಾರ್ ವಾದಕ ಸರ್ಫಿಂಗ್ ಮಾಡುವ ಹುಡುಗ ಹುಡುಗಿಯರಿಗಾಗಿ ನುಡಿಸುತ್ತಿದ್ದ. ದಪ್ಪ ತಂತಿಯನ್ನು ಬಿಡುವಿಲ್ಲದೆ ಮೀಟುವುದು ಅವನ ಶೈಲಿ. ಜೊತೆಗೆ ರಿವರ್ಬ್ ಎಂಬ ಪೆಟ್ಟಿಗೆಯೂ ಸೇರಿತು. ಅದರೊಳಗಿನ ಲೋಹದ ಸ್ಪ್ರಿಂಗುಗಳ ಮೂಲಕ ಹಾದು ಬಂದ ಗಿಟಾರಿನ ಸದ್ದು ನೀರಿನಿಂದ ಎದ್ದು ಬಂದ ಹಾಗೆ ಕೇಳಿಸುತ್ತದೆ. ಡೇಲ್‌ನ ತಂದೆಯ ಕಡೆಯವರು ಲೆಬನಾನಿನವರು. ಅವನನ್ನು ಪ್ರಸಿದ್ಧನಾಗಿಸಿದ ‘ಮಿಸಿರ್ಲೂ’ ಪೂರ್ವ ಮೆಡಿಟರೇನಿಯನ್ ಸೀಮೆಯ ಹಳೆಯ ಧಾಟಿ. ವಲಸೆ ಹೋದವರ ಮನೆಯೊಳಗಿನ ಧಾಟಿ ಕ್ಯಾಲಿಫೋರ್ನಿಯಾದ ಕಡಲಿನ ಧಾಟಿಯಾಯಿತು.

ಮುಂದೆ ಇದಕ್ಕೆ ಹಾಡುಗಾರಿಕೆ ಸೇರಿತು. ‘ಬೀಚ್ ಬಾಯ್ಸ್’ ಬಂದರು. ಜಾನ್ ಮತ್ತು ಡೀನ್ ಜೋಡಿಯ ‘ಸರ್ಫ್ ಸಿಟಿ’ 1963ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಶಾಲೆ ಕಲಿಯುವ ವಯಸ್ಸಿನ ಹುಡುಗರ ತಂಡಗಳಾದ ‘ಶಾಂಟೇಸ್’ ಮತ್ತು ‘ಸರ್ಫಾರಿಸ್’ ದೇಶಕ್ಕೆಲ್ಲ ಹೆಸರಾದವು. ಇಲ್ಲಿ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಬೀಚ್ ಬಾಯ್ಸ್ ತಂಡದಲ್ಲೂ ನಿಜವಾಗಿ ಸರ್ಫಿಂಗ್ ಮಾಡುತ್ತಿದ್ದವನು ಡೆನಿಸ್ ವಿಲ್ಸನ್ ಒಬ್ಬನೇ. ಕಡಲ ಪಕ್ಕದವರಿಗೂ ಆ ಕಡಲು ಅರ್ಧ ಕಲ್ಪನೆಯದೇ. ಹಾಗಿದ್ದ ಮೇಲೆ ದೂರದವರು ಸುಮ್ಮನಿರುತ್ತಾರೆಯೇ? ಕೊಲರಾಡೊದ ಬೆಟ್ಟದ ಊರು ಬೋಲ್ಡರ್‌ನಿಂದ ‘ಆಸ್ಟ್ರೊನಾಟ್ಸ್’ ಎಂಬ ಸರ್ಫ್ ತಂಡ ಹುಟ್ಟಿತು. ಅದಕ್ಕೆ ಸ್ವಂತ ದೇಶಕ್ಕಿಂತ ಜಪಾನಿನಲ್ಲೇ ಹೆಚ್ಚು ಹೆಸರು. ಇಂಡಿಯಾನಾದ ಸೌತ್ ಬೆಂಡ್‌ನ ‘ರಿವಿಯೆರಾಸ್’ ಕ್ಯಾಲಿಫೋರ್ನಿಯಾದ ಬಿಸಿಲನ್ನು ಹಾಡಿ 1964ರಲ್ಲಿ 5ನೇ ಸ್ಥಾನಕ್ಕೆ ಏರಿತು. ಮುಂಬಯಿಯ ಎರಡನೇ ಮಹಡಿಯಲ್ಲಿ ಕೂತು ಮಲೆನಾಡಿನ ಮಳೆಯ ಬಗ್ಗೆ ಕವಿತೆ ಬರೆಯುವ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಟ್ರ್ಯಾಶ್‌ಮೆನ್ ಒಂದು ತಂಡವಾಗಿ ಕೂಡಿದ್ದು 1962ರಲ್ಲಿ. ಅವರ ಸುತ್ತಲಿನ ಸೀಮೆ ನೃತ್ಯಮಂದಿರಗಳದು. ರೈತಾಪಿ ಊರುಗಳಲ್ಲಿ ದೊಡ್ಡ ಮರದ ನೆಲದ ಬಾಲ್‌ರೂಮುಗಳು. ಹಿರಿಯರಿಗೆ ಪೋಲ್ಕಾ, ಕಿರಿಯರಿಗೆ ರಾಕ್ ಆಂಡ್ ರೋಲ್. ವಾರಾಂತ್ಯದಲ್ಲಿ ವಾದ್ಯಗಳನ್ನು ಗಾಡಿಗೆ ತುಂಬಿಕೊಂಡು ಊರೂರು ತಿರುಗುವುದು ಅಲ್ಲಿಯ ತಂಡಗಳ ಪದ್ಧತಿ. ನಮ್ಮ ಮೇಳಗಳ ತಿರುಗಾಟ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಈ ಹುಡುಗರು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲಿಯ ಸರ್ಫ್ ಸಂಗೀತ ಕೇಳಿ ಬಂದವರು. ಕಲಿತದ್ದನ್ನು ಊರಿಗೆ ತಂದು, ಚಳಿಯ ನಾಡಿನ ಬಾಲ್‌ರೂಮುಗಳಲ್ಲಿ ನುಡಿಸತೊಡಗಿದರು.

ಅದೇ ಮಿನಿಯಾಪೊಲಿಸ್‌ನಲ್ಲಿ ಅದಕ್ಕೆ ಸ್ವಲ್ಪ ಮೊದಲು ಇನ್ನೊಬ್ಬ ಹುಡುಗ ಗಿಟಾರ್ ಹಿಡಿದು ಕಾಫಿ ಅಂಗಡಿಗಳಲ್ಲಿ ಹಾಡುತ್ತಿದ್ದ. 1961ರ ಜನವರಿಯಲ್ಲಿ ಅವನು ಊರು ಬಿಟ್ಟು ನ್ಯೂಯಾರ್ಕ್ ಸೇರಿದ. ಅವನ ಹೆಸರು ಬಾಬ್ ಡಿಲನ್. ಊರು ಬಿಟ್ಟವರ ಕಥೆ ನಮಗೆ ಚೆನ್ನಾಗಿ ಗೊತ್ತು, ನಮ್ಮದೂ ಅದೇ ಕಥೆ. ಊರಲ್ಲೇ ಉಳಿದವರ ಕಥೆ ಕೇಳುವುದು ಅಪರೂಪ. ಟ್ರ್ಯಾಶ್‌ಮೆನ್ ಉಳಿದವರು.

ಈಗ ಹಾಡಿಗೆ ಬರೋಣ. ಲಾಸ್ ಏಂಜಲೀಸ್‌ನಲ್ಲಿ ‘ರಿವಿಂಗ್ಟನ್ಸ್’ ಎಂಬ ಕಪ್ಪುಜನಾಂಗದ ನಾಲ್ವರು ಗಾಯಕರ ತಂಡವಿತ್ತು: ಕಾರ್ಲ್ ವೈಟ್, ಆಲ್ ಫ್ರೇಜಿಯರ್, ಸೋನಿ ಹ್ಯಾರಿಸ್, ರಾಕಿ ವಿಲ್ಸನ್. ಮೊದಲು ‘ಶಾರ್ಪ್ಸ್’ ಎಂಬ ಹೆಸರಿನಲ್ಲಿ ಇವರು ಬೇರೆಯವರ ರೆಕಾರ್ಡುಗಳಿಗೆ ಹಿಂದಿನಿಂದ ದನಿಗೂಡಿಸುತ್ತಿದ್ದವರು. ಥರ್ಸ್ಟನ್ ಹ್ಯಾರಿಸ್ ಅವರ 1957ರ ಪ್ರಸಿದ್ಧ ಹಾಡಿನ ಹಿಂದಿನ ಗುಂಪುದನಿ ಇವರದೇ. ಮರುವರ್ಷ ಡ್ವೇನ್ ಎಡಿಯ ಗಿಟಾರ್ ವಾದನದ ರೆಕಾರ್ಡಿನಲ್ಲಿ ಕೇಳಿಸುವ ಕೇಕೆಯೂ ಇವರದೇ. ಹೆಸರು ಮುಂದೆ ನಿಂತವರದು, ಉಸಿರು ಇವರದು. ಕೊನೆಗೆ ತಮ್ಮದೇ ಹೆಸರಿನಲ್ಲಿ 1962ರಲ್ಲಿ ‘ಪಾಪಾ ಊಮ್ ಮೌ ಮೌ’ ಎಂಬ ಅರ್ಥವಿಲ್ಲದ ಉಚ್ಚಾರಗಳ ಹಾಡು ತಂದರು. ಅದು 48ನೇ ಸ್ಥಾನದವರೆಗೆ ಹೋಯಿತು. 1963ರಲ್ಲಿ ‘ದಿ ಬರ್ಡ್ಸ್ ದಿ ವರ್ಡ್’ ತಂದರು. ಅದು 52ಕ್ಕೆ ನಿಂತಿತು.

ಟ್ರ್ಯಾಶ್‌ಮೆನ್ ತಂಡಕ್ಕೆ ಈ ಎರಡನೆಯ ಹಾಡು ತಮ್ಮ ಸೀಮೆಯ ಇನ್ನೊಂದು ತಂಡದ ಬಾಯಿಂದ ಕೇಳಲು ಸಿಕ್ಕಿತು. ಹಾಡು ಆಗ ಹಾಗೆಯೇ ತಿರುಗುತ್ತಿತ್ತು. ಒಬ್ಬರಿಂದ ಒಬ್ಬರಿಗೆ, ಒಂದು ವೇದಿಕೆಯಿಂದ ಇನ್ನೊಂದಕ್ಕೆ. ಟ್ರ್ಯಾಶ್‌ಮೆನ್ ಆ ಹಾಡಿನ ಹಕ್ಕಿಯನ್ನೂ ಇನ್ನೊಂದು ಹಾಡಿನ ಪಾಪಾ ಊಮ್ ಅನ್ನೂ ಒಟ್ಟಿಗೆ ಹೊಲಿದರು. ವೇಗವನ್ನು ಜೋರು ಮಾಡಿದರು. ಸ್ಟೀವ್ ವಾರರ್ ಡ್ರಮ್ಸ್ ಹಿಂದೆ ಕೂತು ತನ್ನ ಸಹಜ ದನಿ ಬಿಟ್ಟು, ಕರ್ಕಶವಾದ ಇನ್ನೊಂದು ದನಿಯಲ್ಲಿ ಒದರಿದ. ನಡುವೆ ಗಂಟಲಿನಲ್ಲೇ ಆ ಗುಳುಗುಳು. ಜನ ಹುಚ್ಚೆದ್ದು ಕುಣಿದರು. ಮಿನಿಯಾಪೊಲಿಸ್‌ನ ಕೇ ಬ್ಯಾಂಕ್ ಸ್ಟುಡಿಯೊದಲ್ಲಿ ಧ್ವನಿಮುದ್ರಣವಾಗಿ 1963ರ ನವೆಂಬರಿನಲ್ಲಿ ಅದು ಗ್ಯಾರೆಟ್ ಎಂಬ ಸ್ಥಳೀಯ ಲೇಬಲಿನಿಂದ ಹೊರಬಂತು. ಎರಡೂವರೆ ನಿಮಿಷವೂ ಇಲ್ಲದ ಹಾಡು. ಹೆಸರಿನಲ್ಲಿ ‘ಸರ್ಫ್’ ಇದೆ, ಸದ್ದಿನಲ್ಲಿ ಸರ್ಫ್ ಇದೆ, ಆದರೆ ಹಾಡಿನ ವಿಷಯದಲ್ಲಿ ಕಡಲು ಹೆಚ್ಚೇನೂ ಇಲ್ಲ.

ಆ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯ ಹತ್ಯೆಯಾಯಿತು. ದೇಶ ಸೂತಕದಲ್ಲಿತ್ತು. ಅಂಥ ಹೊತ್ತಿನಲ್ಲಿ ಇಂಥ ಅಸಂಬದ್ಧ ಹಾಡು ಮೇಲೇರುತ್ತ ಹೋಗಿ 1964ರ ಆರಂಭದಲ್ಲಿ ಬಿಲ್‌ಬೋರ್ಡ್ ಪಟ್ಟಿಯ 4ನೇ ಸ್ಥಾನ ತಲುಪಿತು. ಸೂತಕದ ಮನೆಯಲ್ಲೂ ಹನ್ನೆರಡು ದಿನ ಕಳೆದ ಮೇಲೆ ಯಾವುದೋ ಸಣ್ಣ ಮಾತಿಗೆ ಎಲ್ಲರೂ ಬಿದ್ದುಬಿದ್ದು ನಗುವುದನ್ನು ನಾನು ಕಂಡಿದ್ದೇನೆ. ಇದೂ ಹಾಗೆಯೇ ಇದ್ದಿರಬಹುದು.

ಆದರೆ ಮೊದಲ ರೆಕಾರ್ಡುಗಳ ಮೇಲೆ ಹಾಡು ಬರೆದವರ ಹೆಸರಿನ ಜಾಗದಲ್ಲಿ ಸ್ಟೀವ್ ವಾರರ್ ಎಂದಿತ್ತು. ರಿವಿಂಗ್ಟನ್ಸ್ ಪರವಾಗಿ ವಕೀಲರ ಎಚ್ಚರಿಕೆ ಬಂತು. ಹೆಸರು ಬದಲಾಯಿತು, ವೈಟ್, ಫ್ರೇಜಿಯರ್, ಹ್ಯಾರಿಸ್, ವಿಲ್ಸನ್ ಎಂದು ಅಚ್ಚಾಯಿತು. ಅದೇ ಕಾಲದಲ್ಲಿ ಬೀಚ್ ಬಾಯ್ಸ್ ತಂಡಕ್ಕೂ ಇದೇ ಆಗಿತ್ತು. ಅವರ ‘ಸರ್ಫಿನ್ ಯುಎಸ್ಎ’ ಚಕ್ ಬೆರ್ರಿಯ ಧಾಟಿಯ ಮೇಲೆ ಕಟ್ಟಿದ್ದು. ಅಲ್ಲೂ ಕೊನೆಗೆ ಬೆರ್ರಿಯ ಹೆಸರು ಹಾಕಬೇಕಾಯಿತು. ಕಡಲತೀರದ ಬಿಳಿಯ ಹುಡುಗರ ಈ ಸಂಗೀತದ ತಳದಲ್ಲಿ ಕಪ್ಪುಜನರ ದುಡಿಮೆ ಎಷ್ಟಿತ್ತು ಎಂಬುದಕ್ಕೆ ಈ ಎರಡು ಸಾಕ್ಷಿ ಸಾಕು.

ಇದು ಬರಿ ಮರ್ಯಾದೆಯ ಪ್ರಶ್ನೆಯಲ್ಲ, ದುಡ್ಡಿನದೂ ಹೌದು. ಹಾಡೊಂದಕ್ಕೆ ಎರಡು ಬಗೆಯ ಹಕ್ಕು. ಬರೆದವರ ಹಕ್ಕು ಒಂದು, ಆ ಧ್ವನಿಮುದ್ರಣದ ಹಕ್ಕು ಇನ್ನೊಂದು. ಬೇರೆ ತಂಡ ಅದೇ ಹಾಡನ್ನು ಹೊಸದಾಗಿ ಹಾಡಿ ರೆಕಾರ್ಡ್ ಮಾಡಿದರೆ ಗೌರವಧನ ಹೋಗುವುದು ಬರೆದವರ ಪಾಲಿಗೆ. ಹಿಂದೆ ಅದನ್ನು ಹಾಡಿ ಹೆಸರು ಮಾಡಿಸಿದವರಿಗೆ ಅದರಲ್ಲಿ ಏನೂ ಇಲ್ಲ. 1977ರಲ್ಲಿ ನ್ಯೂಯಾರ್ಕಿನ ‘ರಮೋನ್ಸ್’ ತಮ್ಮ ‘ರಾಕೆಟ್ ಟು ರಷ್ಯಾ’ ಆಲ್ಬಮ್ಮಿನಲ್ಲಿ ಈ ಹಾಡನ್ನು ಮತ್ತೆ ಹಾಡಿದಾಗ, ಮರುವರ್ಷ ‘ಕ್ರ್ಯಾಂಪ್ಸ್’ ಹಾಡಿದಾಗ, ಟ್ರ್ಯಾಶ್‌ಮೆನ್ ತಂಡದ ಗುಳುಗುಳು ಎಲ್ಲರ ಕಿವಿಯಲ್ಲಿತ್ತು. ಬರೆದವರ ಲೆಕ್ಕ ರಿವಿಂಗ್ಟನ್ಸ್ ಹೆಸರಿನಲ್ಲಿತ್ತು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಬೀಜ ಅವರದು. ಆದರೆ ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಮರ ಇರುತ್ತಿರಲಿಲ್ಲ ಎಂಬುದೂ ನಿಜ.

ಹಾಡು ಮೇಲೇರಿದ ಮೇಲೆ ಡಿಕ್ ಕ್ಲಾರ್ಕ್ ನಡೆಸುತ್ತಿದ್ದ ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಎಂಬ ಟಿವಿ ಕಾರ್ಯಕ್ರಮದಲ್ಲಿ ಅದಕ್ಕೆ ಜಾಗ ಸಿಕ್ಕಿತು. ಆ ಚಿತ್ರಿಕೆ ಈಗಲೂ ನೋಡಲು ಸಿಗುತ್ತದೆ. ಅದರಲ್ಲಿ ಇರುವುದು ಸ್ಟೀವ್ ವಾರರ್ ಒಬ್ಬನೇ. ಡ್ರಮ್ಸ್ ಇಲ್ಲ, ಗಿಟಾರಿನವರಿಲ್ಲ. ಖಾಲಿ ನೆಲದ ಮೇಲೆ ಒಬ್ಬ ಯುವಕ ತನ್ನದೇ ರೆಕಾರ್ಡಿಗೆ ತುಟಿ ಆಡಿಸುತ್ತ, ರೆಕ್ಕೆ ಬಡಿಯುವ ಹಕ್ಕಿಯ ಹಾಗೆ ಕೈ ಕಾಲು ಆಡಿಸುತ್ತಾನೆ. ನೋಡಿದವರಿಗೆ ನಗು ಬರುತ್ತದೆ. ಎರಡನೇ ಸಲ ನೋಡಿದಾಗ ನನಗೆ ಸ್ವಲ್ಪ ಸಂಕಟವೂ ಆಯಿತು. ಡ್ರಮ್ಮಿನ ಹಿಂದೆ ಕೂರಬೇಕಾದವನನ್ನು ಬಯಲಲ್ಲಿ ನಿಲ್ಲಿಸಿದ ಹಾಗಿತ್ತು.

ಆಮೇಲೆ ಆದದ್ದು ಬೇಗ ಆಯಿತು. 1964ರ ಫೆಬ್ರವರಿ 9ರಂದು ‘ಬೀಟಲ್ಸ್’ ಎಡ್ ಸಲಿವನ್ ಶೋನಲ್ಲಿ ಹಾಡಿದರು. ನೋಡಿದವರು ಸುಮಾರು 7.3 ಕೋಟಿ ಜನ. ಏಪ್ರಿಲ್ 4ರ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಐದು ಸ್ಥಾನಗಳೂ ಬೀಟಲ್ಸ್ ಹಾಡುಗಳದೇ. ಕಡಲತೀರದ ಹುಡುಗರು, ಕಡಲಿಲ್ಲದ ಊರಿನ ಹುಡುಗರು, ಇಬ್ಬರಿಗೂ ತೆರೆ ಇಳಿಯಿತು. ಟ್ರ್ಯಾಶ್‌ಮೆನ್ ಇನ್ನೊಂದು ಹಕ್ಕಿ ಹಾರಿಸಿ ನೋಡಿದರು. ‘ಬರ್ಡ್ ಡ್ಯಾನ್ಸ್ ಬೀಟ್’ ಎಂಬ ಆ ಹಾಡು 30ನೇ ಸ್ಥಾನಕ್ಕೆ ಹೋಗಿ ನಿಂತಿತು. ಮತ್ತೆ ಅಷ್ಟು ಎತ್ತರಕ್ಕೆ ಅವರು ಏರಲಿಲ್ಲ. 1967ರಲ್ಲಿ ತಂಡ ಮುಚ್ಚಿತು. ನಾಲ್ವರೂ ನೌಕರಿ, ಸಂಸಾರ ಎಂದು ತಮ್ಮ ತಮ್ಮ ದಾರಿ ಹಿಡಿದರು.

ಅವರ 1964ರ ಆಲ್ಬಮ್ಮನ್ನು ನಾನು ಪೂರ್ತಿ ಕೇಳಿದೆ. ಲೋಕಲ್ ರೈಲಿನಲ್ಲಿ, ಎರಡು ದಿನ ಬೆಳಿಗ್ಗೆ. ಅದರಲ್ಲಿ ‘ಮಿಸಿರ್ಲೂ’ ಇದೆ. ಸ್ಪ್ಯಾನಿಷ್ ಧಾಟಿಯ ‘ಮಲಗೇನ್ಯ’ ಇದೆ. ಬಡಿ ಹಾಲಿಯ ತಂಡದ ಹಾಡೊಂದಿದೆ. ‘ಕಿಂಗ್ ಆಫ್ ದಿ ಸರ್ಫ್’ ಎಂಬ ಶುದ್ಧ ಸರ್ಫ್ ಹಾಡಿದೆ. ಇವರು ಒಳ್ಳೆಯ ವಾದಕರು. ಗಿಟಾರಿನ ಮೇಲೆ ಟೋನಿ ಆಂಡ್ರಿಯಾಸನ್ ಬೆರಳು ಓಡಿಸುವುದನ್ನು ಕೇಳಿದರೆ, ಇವರು ಕ್ಯಾಲಿಫೋರ್ನಿಯಾದಿಂದ ಕಲಿತು ತಂದದ್ದು ಬರಿಯ ಫ್ಯಾಷನ್ ಅಲ್ಲ, ಕಸುಬು ಎಂದು ತಿಳಿಯುತ್ತದೆ. ಅಂಥೇರಿ ದಾಟುವಾಗ ಪಕ್ಕದವರು ಭುಜಕ್ಕೆ ಭುಜ ಒತ್ತಿ ನಿಂತಿದ್ದರು, ನನ್ನ ಕಿವಿಯಲ್ಲಿ ಮಿನಿಯಾಪೊಲಿಸ್‌ನ ಕಡಲು ಮೊರೆಯುತ್ತಿತ್ತು. ಇಷ್ಟೆಲ್ಲ ಇದ್ದೂ ಜನ ಕೇಳಿದ್ದು ಹಕ್ಕಿಯನ್ನೇ. ‘ನಂಗೆ ಬೇರೆ ಹಾಡೂ ಬತ್ತ್ ಮಾರಾಯ್ರೆ’ ಎಂಬ ದನಿ ನೆನಪಾಗದೇ ಇರುತ್ತದೆಯೇ?

ತಂಡ ಮುಚ್ಚಿದರೂ ಹಾಡು ಮುಚ್ಚಲಿಲ್ಲ. ಅದು ತನ್ನವರನ್ನು ಬಿಟ್ಟು ಒಂಟಿಯಾಗಿ ಊರು ಸುತ್ತಿತು. 1972ರಲ್ಲಿ ಜಾನ್ ವಾಟರ್ಸ್ ತನ್ನ ‘ಪಿಂಕ್ ಫ್ಲೆಮಿಂಗೋಸ್’ ಸಿನಿಮಾದಲ್ಲಿ ಅದನ್ನು ಬಳಸಿದ. 1987ರಲ್ಲಿ ಸ್ಟಾನ್ಲಿ ಕುಬ್ರಿಕ್ ‘ಫುಲ್ ಮೆಟಲ್ ಜಾಕೆಟ್’ ಚಿತ್ರದಲ್ಲಿ ವಿಯೆಟ್ನಾಂ ಯುದ್ಧಭೂಮಿಯ ದೃಶ್ಯಕ್ಕೆ ಅದನ್ನು ಹಾಕಿದ. ಸುಟ್ಟ ಕಟ್ಟಡಗಳು, ದಣಿದ ಸೈನಿಕರು, ಅವರನ್ನು ಚಿತ್ರೀಕರಿಸುತ್ತ ಸಾಗುವ ಕ್ಯಾಮೆರಾದವರು, ಹಿಂದೆ ಈ ಹಕ್ಕಿಯ ಕೂಗು. ಬಾಲ್‌ರೂಮಿನಲ್ಲಿ ಕುಣಿಸಿದ ಅದೇ ಸದ್ದು ಅಲ್ಲಿ ಬುದ್ಧಿ ಕೆಟ್ಟ ಲೋಕದ ಸದ್ದಾಗಿ ಕೇಳಿಸುತ್ತದೆ.

ನಾಲ್ವರೂ 1980ರ ದಶಕದಲ್ಲಿ ಮತ್ತೆ ಒಟ್ಟಾಗಿ ವೇದಿಕೆ ಹತ್ತಿದರು. ಆದರೆ 1989ರಲ್ಲಿ ಸ್ಟೀವ್ ವಾರರ್ ತೀರಿಕೊಂಡರು. ವಯಸ್ಸು 47. ಕಾಯಿಲೆ ಗಂಟಲಿನ ಕ್ಯಾನ್ಸರ್. ಇದನ್ನು ಓದಿದಾಗ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ.

ಉಳಿದ ಮೂವರು ಬಿಡಲಿಲ್ಲ. ಡ್ರಮ್ಮಿನ ಹಿಂದೆ ಬೇರೆಯವರು ಕೂತರು. ಮುಂದೆ ಬಾಬ್ ರೀಡ್ ಅವರ ಮಗನೇ ಕೂತ. ಅಜ್ಜಂದಿರಾಗುವ ವಯಸ್ಸಿನಲ್ಲಿ ಯುರೋಪಿಗೆ ಹೋಗಿ, ತಮ್ಮ ಮೊಮ್ಮಕ್ಕಳ ವಯಸ್ಸಿನವರ ಮುಂದೆ ನುಡಿಸಿದರು. 2010ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಒಂದು ತಮಾಷೆ ನಡೆಯಿತು. ಅಲ್ಲಿ ಕ್ರಿಸ್ಮಸ್ ವಾರದ ಮೊದಲ ಸ್ಥಾನಕ್ಕೆ ಬಹಳ ಬೆಲೆ. ‘ಎಕ್ಸ್ ಫ್ಯಾಕ್ಟರ್’ ಎಂಬ ಟಿವಿ ಸ್ಪರ್ಧೆಯಲ್ಲಿ ಗೆದ್ದವರ ಹಾಡೇ ಹೆಚ್ಚಾಗಿ ಅಲ್ಲಿ ಕೂರುತ್ತಿತ್ತು. ಇದರಿಂದ ಬೇಸತ್ತ ಜನ ಫೇಸ್‌ಬುಕ್ಕಿನಲ್ಲಿ ಕೂಗೆಬ್ಬಿಸಿ, ಎಲ್ಲರೂ ಸೇರಿ ‘ಸರ್ಫಿನ್ ಬರ್ಡ್’ ಕೊಂಡುಕೊಂಡರು. 1963ರ ಹಾಡು 47 ವರ್ಷಗಳ ಮೇಲೆ ಬ್ರಿಟನ್ನಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. 2014ರಲ್ಲಿ ತಂಡ ಹೊಸದೊಂದು ಆಲ್ಬಮ್ ತಂದಿತು. ಹೆಸರು ‘ಬ್ರಿಂಗಿಂಗ್ ಬ್ಯಾಕ್ ದಿ ಟ್ರ್ಯಾಶ್’, ಅಂದರೆ ಕಸವನ್ನು ಮರಳಿ ತರುತ್ತಿದ್ದೇವೆ ಎಂದು. ತಮ್ಮನ್ನು ನೋಡಿ ತಾವೇ ನಗಬಲ್ಲವರು ಕಹಿಯಾಗಿರಲಾರರು ಎಂದು ನನ್ನ ಎಣಿಕೆ.

ಇವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಒಂದೇ ಹಾಡಿನ ತಂಡ’ ಎನ್ನುತ್ತಾರೆ. ಆ ಮಾತಿನಲ್ಲಿ ಸಣ್ಣ ತಾತ್ಸಾರವಿದೆ. ನಾನೂ ಮಾಮನ ಹೆಸರಿನ ಮೇಲೆ ಗೆರೆ ಎಳೆಯುವಾಗ ಹಾಗೆಯೇ ಯೋಚಿಸಿದ್ದೆ. ಒಂದು ವಾರ ಈ ನಾಲ್ವರ ಜೊತೆ ಕಳೆದ ಮೇಲೆ ಅದು ಅಷ್ಟು ಸುಲಭವಾಗಿ ಬಾಯಿಗೆ ಬರುತ್ತಿಲ್ಲ. ಎಷ್ಟು ಜನರಿಗೆ ಒಂದು ಹಾಡಾದರೂ ಸಿಗುತ್ತದೆ? ರಿವಿಂಗ್ಟನ್ಸ್ ಎಷ್ಟೋ ವರ್ಷ ಇನ್ನೊಬ್ಬರ ಹೆಸರಿನ ಹಿಂದೆ ನಿಂತು ಹಾಡಿದರು. ಟ್ರ್ಯಾಶ್‌ಮೆನ್ ತಮ್ಮ ನಿಜವಾದ ಕೌಶಲವನ್ನೆಲ್ಲ ಒಂದು ಗುಳುಗುಳುವಿನ ಹಿಂದೆ ಮರೆಮಾಡಿಕೊಂಡರು. ಹಾಡು ಬದುಕಿತು. ಅದಕ್ಕೆ ತೆತ್ತದ್ದು ಎರಡೂ ಕಡೆಯವರು. ತಪ್ಪು ಒಂದೇ ಹಾಡಿನದಲ್ಲ. ಅದರ ಪಕ್ಕದಲ್ಲಿ ಇನ್ನೇನಿದೆ ಎಂದು ಕೇಳದೇ ಹೋದ ನಮ್ಮ ಕಿವಿಯದು.

ಭಾನುವಾರ ಮಾಮನಿಗೆ ಫೋನ್ ಮಾಡಿದೆ. ಪಟ್ಟಿಯಿಂದ ಹೆಸರು ಹೋದ ಸುದ್ದಿ ಅವರಿಗೆ ಆಗಲೇ ತಲುಪಿತ್ತು. ನಮ್ಮ ಸಂಘದಲ್ಲಿ ಸುದ್ದಿಗೆ ಕಾಲಿಲ್ಲ, ರೆಕ್ಕೆ. ನಾನು ಸುತ್ತಿ ಬಳಸಿ ಮಾತಾಡುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರು. “ಬೇಜಾರಿಲ್ಲ ಮಾರಾಯ. ನಂಗೂ ಆ ಹಾಡು ಸಾಕಾಯ್ತ್” ಎಂದರು. ತುಸು ತಡೆದು, “ಆದ್ರೆ ಹಾಡುಕೆ ಸುರು ಮಾಡಿರ್ ಮೇಲೆ ಸಾಕಾತಿಲ್ಲೆ” ಎಂದರು.

ಅಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಕೇಳಿದೆ. “ಮಾಮ, ಆ ಬೇರೆ ಹಾಡು ಯಾವುದು?”

ಆ ಕಡೆ ಮೌನ. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಫೋನಿನಲ್ಲೇ ಮೆಲ್ಲಗೆ ಹಾಡತೊಡಗಿದರು. ಅವರ ಅಮ್ಮ ಗದ್ದೆ ನಾಟಿಯ ಹೊತ್ತಿಗೆ ಹಾಡುತ್ತಿದ್ದದ್ದಂತೆ. ನಾನು ಎಂದೂ ಕೇಳಿರಲಿಲ್ಲ. ಎರಡು ಕಡೆ ಸಾಲು ಮರೆತರು, ದನಿ ಸ್ವಲ್ಪ ನಡುಗಿತು. ಅಡುಗೆಮನೆಯಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಕೆಳಗೆ ರಿಕ್ಷಾದವರ ಹಾರ್ನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

ಪಟ್ಟಿ ಮತ್ತೆ ಬರೆದಿದ್ದೇನೆ. ಮಾಮನಿಗೆ ಹತ್ತು ನಿಮಿಷ. ಅದನ್ನು ಹೇಗೆ ಹಂಚಿಕೊಳ್ಳುತ್ತೀರಿ ಎಂದು ಕೇಳಿದಾಗ ಅವರ ಉತ್ತರ ಸಿದ್ಧವಿತ್ತು. “ಮೊದ್ಲ್ ನಂದ್ ಒಂದ್. ಆಮೇಲ್ ಜನ್ರದ್.”